ಲೆನ್ಸಿನ ಮುಚ್ಚಳ

ರೀಲು ಮಾಮನ ಮನೆಯಲ್ಲಿ ಪಾತ್ರೆಗಳಿಗಿಂತ ಹಳೇ ಕ್ಯಾಮೆರಾಗಳೇ ಹೆಚ್ಚು. ಅವರು ಬಚ್ಚಲಲ್ಲಿ ರೀಲು ತೊಳೆಯುವ ದಿನ ಮನೆಮಂದಿಗೆ ಸ್ನಾನವಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ, "ಅದು ಫೋಟೊ ಅಲ್ಲ ಕಣಯ್ಯಾ, ಜೆರಾಕ್ಸು!" ಎಂದು ಮೂಗು ಮುರಿಯುತ್ತಾರೆ. ಅವರು ಬೆಳಕು ಅಳೆದು, ದೂರ ಅಳೆದು ಗುಂಡಿ ಒತ್ತುವ ಹೊತ್ತಿಗೆ ಎದುರು ಕೂತವರ ನಗು ಒಣಗಿ ಕೊರಡಾಗಿರುತ್ತದೆ. ಇಷ್ಟೆಲ್ಲ ಮಾಡಿ ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆತಿರುತ್ತಾರೆ. "ಇನ್ನೊಂದ್ಸಲ ಕೂತ್ಕೊಳ್ಳಿ" ಎಂದರೆ ಯಾರೂ ಹತ್ತಿರ ಸುಳಿಯುವುದಿಲ್ಲ, ಅವರ ಅಣ್ಣನೊಬ್ಬರನ್ನು ಬಿಟ್ಟು. ಮನೆ ಪಾಲಾದ ಮೇಲೆ ಇತ್ತ ತಲೆ ಹಾಕದಿದ್ದ ಅಣ್ಣ, ಗೋಡೆಗೊಂದು ಒಳ್ಳೆಯ ಫೋಟೊ ಬೇಕೆಂದು ಒಮ್ಮೆ ಬಿಗುಮಾನದಿಂದಲೇ ಬಂದು ಕೂತರು. ಮುಂದಿನ ಭಾನುವಾರ ಬಂದು, "ಬಂತೇನೋ ಫೋಟೊ?" ಎಂದರು. "ಮುಚ್ಚಳ ತೆಗೆಯೋದೇ ಮರ್ತೆ ಕಣಣ್ಣ. ಇನ್ನೊಂದ್ಸಲ ಕೂತ್ಕೋ." ಅಂದಿನಿಂದ ಪ್ರತಿ ಭಾನುವಾರವೂ ಇದೇ ಕತೆ. ಅಣ್ಣ ಬರುತ್ತಾರೆ, ಬಾಯಿತುಂಬ ಬೈಯುತ್ತಾರೆ, ಕಾಫಿ ಕುಡಿದು ಮತ್ತೆ ಕೂರುತ್ತಾರೆ. "ಎಂಥಾ ಮರೆಗುಳಿ ಗಂಟುಬಿದ್ರಪ್ಪ ನಂಗೆ!" ಎಂದು ಮಾಮನ ಹೆಂಡತಿ ಎಲ್ಲರೆದುರು ಗೊಣಗುತ್ತಾರೆ. ಆದರೆ ಗಂಡ ಮುಚ್ಚಳ ತೆಗೆದು, ಅಣ್ಣನನ್ನೊಮ್ಮೆ ಕಣ್ತುಂಬ ನೋಡಿ, ಮೆಲ್ಲಗೆ ಮತ್ತೆ ಹಾಕಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡವರೂ ಅವರೇ.