ಏಣಿ ಹೊತ್ತವನ ಮಾತು

ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಮುಖ ಫೋಟೊದಲ್ಲಿತ್ತು, ಧ್ವನಿ ಮಾತ್ರ ಎಷ್ಟು ತಡಕಾಡಿದರೂ ನೆನಪಾಗುತ್ತಿರಲಿಲ್ಲ. ಅದೊಂದು ಕೊರಗು ಒಳಗೇ ಕೂತುಬಿಟ್ಟಿತ್ತು. ಸಿರುಗುಪ್ಪ, ಕುರುಗೋಡು ಕಡೆ ತಿರುಗುತ್ತಿದ್ದ ಡೇರೆ ಟಾಕೀಸಿನಲ್ಲಿ ಅಪ್ಪ ಮಷಿನ್ ಓಡಿಸುತ್ತಿದ್ದ. ದೊಡ್ಡ ಸಿನಿಮಾಕ್ಕೆ ಮೊದಲು, ಜನ ಬಂದು ಕೂರುವ ತನಕ, ಹಳೇ ಕಾಲದ ಒಂದು ತುಂಡು ಚಿತ್ರ ಹಾಕುತ್ತಿದ್ದರು. ದಪ್ಪ ಮನುಷ್ಯನೊಬ್ಬ ಏಣಿ ಹೊತ್ತು ಮನೆಯೊಳಗೆ ನುಗ್ಗಿ, ಅತ್ತಿತ್ತ ತಿರುಗಿ, ಇದ್ದವರನ್ನೆಲ್ಲ ಬೀಳಿಸುವ ಚಿತ್ರ. ಅದು ನನಗೆ ಅವನ ಮಾತಿನ ಸಮೇತ ನೆನಪಿತ್ತು. "ದಾರಿ ಬಿಡ್ರಿ ಯಕ್ಕಾ, ಏಣಿಗೆ ಕಣ್ಣಿಲ್ಲ!"

ಗಣಿ ಜೋರಾಗಿದ್ದ ವರ್ಷಗಳಲ್ಲಿ ನಾನು ಬಳ್ಳಾರಿಯಲ್ಲಿದ್ದೆ. ಅದಿರಿನ ಲಾರಿಗಳ ಧೂಳಿಗೆ ಒಗೆದ ಸೀರೆ ಒಣಗುವುದರೊಳಗೆ ಕೆಂಪಾಗುತ್ತಿತ್ತು. ಆಗ ಒಂದು ಸಿ.ಡಿ. ಅಂಗಡಿಯಲ್ಲಿ ಆ ದಪ್ಪ ಮನುಷ್ಯ ಏಣಿ ಸಮೇತ ಸಿಕ್ಕಿಬಿಟ್ಟ. ಮನೆಗೆ ತಂದು ಹಾಕಿದರೆ, ಬಾಯಿ ತೆರೆಯುತ್ತಾನೆ, ಮಾತೇ ಇಲ್ಲ! ವಾಲ್ಯೂಮ್ ಪೂರ್ತಿ ಏರಿಸಿದೆ. ಹೊರಗಿನ ಲಾರಿಗಳಷ್ಟೇ ಕೇಳಿಸಿದವು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸೀದಾ ಹೋಗಿ ಅಂಗಡಿಯ ಭಾಯಿಯ ಮುಂದೆ ಸಿ.ಡಿ. ಕುಕ್ಕಿದೆ.

"ಇದ್ರಾಗ ಕನ್ನಡ ಮಾತು ಎಲ್ಲೈತ್ರಿ? ಕೆಟ್ಟ ಮಾಲು ಕೊಟ್ಟೀರಿ."

"ಅಮ್ಮಾ, ಇದು ಮೂಕಿ ಚಿತ್ರ ಐತಿ. ಹುಟ್ಟಿದಾಗಿಂದ ಇದಕ್ಕ ಮಾತಿಲ್ಲ."

"ಸುಳ್ಳು ಹೇಳಬ್ಯಾಡ್ರಿ. ನಾನ ಕಿವ್ಯಾರೆ ಕೇಳೀನಿ!"

ಭಾಯಿ ನನ್ನನ್ನು ಒಂದು ಥರ ನೋಡಿ, ಸಿ.ಡಿ.ಯನ್ನು ತಿರುಗಿ ನನ್ನ ಕೈಗೇ ಕೊಟ್ಟರು.

ಆ ಭಾನುವಾರ ಸಿರುಗುಪ್ಪಕ್ಕೆ ಹೋದವಳು, ಅಕ್ಕಿ ಆರಿಸುತ್ತಿದ್ದ ಅವ್ವನ ಮುಂದೆ ಅಂಗಡಿಯವರನ್ನು ಬೈಯತೊಡಗಿದೆ. ಅವ್ವ ಮೊರ ಕೆಳಗಿಟ್ಟಳು.

"ಹುಚ್ಚಿ, ಬಾಯಿ ತೆಗೀತಿದ್ದವ ಅವ. ಮಾತು ನಿಮ್ಮಪ್ಪಂದು. ಮಷಿನ್ ಬಾಜೂಕ ನಿಂತು ತಗಡಿನ ಕೊಳವಿಯಾಗ ಒದರ್ತಿದ್ದ."

ಇಷ್ಟು ವರ್ಷ ಅಪ್ಪನ ಧ್ವನಿಯನ್ನು ಯಾರದೋ ಬಾಯಿಗೆ ಕೊಟ್ಟು, ನನ್ನ ಹತ್ತಿರ ಇಲ್ಲವೆಂದು ಅತ್ತಿದ್ದೆ.

ಬಳ್ಳಾರಿಗೆ ಬಂದು, ನಡುಮಧ್ಯಾಹ್ನ ಬಾಗಿಲು ಹಾಕಿಕೊಂಡು ಮತ್ತೆ ಆ ಚಿತ್ರ ಹಚ್ಚಿದೆ. ವಾಲ್ಯೂಮ್ ಪೂರ್ತಿ ಇಳಿಸಿದೆ. ದಪ್ಪ ಮನುಷ್ಯ ಬಂದ, ಬಾಯಿ ತೆರೆದ. "ದಾರಿ ಬಿಡ್ರಿ ಯಕ್ಕಾ..." ಬೆನ್ನ ಹಿಂದಿನಿಂದಲೇ ಕೇಳಿಸಿತು. ಡೇರೆಯಲ್ಲೂ ಅಲ್ಲೇ ಅಲ್ಲವೇ ಮಷಿನ್ ಇರುತ್ತಿದ್ದದ್ದು. ಹೆದರಿಕೆಯಾಯಿತು, ಅಳುವೂ ಬಂತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸುಮ್ಮನೆ ಎದ್ದು, ಗೋಡೆಗೆ ಸರಿದು, ದಾರಿ ಬಿಟ್ಟು ನಿಂತೆ.