ಬ್ಯಾರನ್‌ಗೆ ಮಾತು ಕಲಿಸಿದ ಅಣ್ಣ

ಅಣ್ಣನ ಬೆರಳ ತುದಿಗಳು ಬೆಸುಗೆ ಹಾಕುವಾಗ ಸುಟ್ಟು ಸುಟ್ಟು ನುಣುಪಾಗಿದ್ದವು. ಕುದಿಯುವ ಕಾಫಿ ಲೋಟವನ್ನು ಬರಿಗೈಯಲ್ಲೇ ಹಿಡಿಯುತ್ತಿದ್ದ. ಹುಣಸೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ಶನಿವಾರ ಬಿಳಿಕೆರೆ ಪಕ್ಕದ ನಮ್ಮೂರಿಗೆ ಬರುವಾಗ ಅವನ ಚೀಲದಲ್ಲಿ ಬಟ್ಟೆಗಿಂತ ವೈರುಗಳೇ ಹೆಚ್ಚಿರುತ್ತಿದ್ದವು. ಒಡೆದ ಸಿ.ಡಿ. ಚೂರನ್ನು ರಟ್ಟಿನ ಡಬ್ಬಿಗೆ ಅಂಟಿಸಿ, ಬಲ್ಬಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಬೀದಿಯ ಮಕ್ಕಳಿಗೆ ತೋರಿಸುತ್ತಿದ್ದ. ಇದೆಲ್ಲ ಆಗುತ್ತದಾ ಎಂದು ಯಾರಾದರೂ ಕೇಳಿದರೆ, "ಮಾಡಿ ನೋಡುಮ ಬುಡು" ಎನ್ನುತ್ತಿದ್ದ.

ನಮ್ಮಪ್ಪ ಹೊಗೆಸೊಪ್ಪು ಬೇಯಿಸುವುದರಲ್ಲಿ ಹೆಸರಾದವರು. ಬ್ಯಾರನ್ ಎಂಬ, ಕಾವಿನಲ್ಲಿ ಒಣಗಿಸುವ ಎತ್ತರದ ಕೋಣೆಯೊಳಗೆ ಹಸಿ ಸೊಪ್ಪು ತೂಗುಹಾಕಿ, ಹೊರಗೆ ಒಲೆ ಉರಿಸಿ, ಕಾವನ್ನು ನಿಧಾನವಾಗಿ ಏರಿಸಬೇಕು. ಎಲೆ ಹಳದಿಗೆ ತಿರುಗುವ ಮೊದಲೇ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ, ಅಂಥ ಸೊಪ್ಪಿಗೆ ಬೆಲೆಯಿಲ್ಲ. ಕಣ್ಣಿನ ನರ ಸೋತು, ಕಿಂಡಿಯ ಗಾಜಿನಾಚೆಯ ಥರ್ಮಾಮೀಟರು ಅಪ್ಪನಿಗೆ ಕಾಣದಾಯಿತು. ಗಳಿಗೆಗೊಮ್ಮೆ ಯಾರನ್ನೋ ಕರೆದು ಓದಿಸುವುದು ಅವರಿಗೆ ಅವಮಾನ. ಬೇಯಿಸಲು ಬೇರೆ ಆಳು ಇಡೋಣವೆಂದು ಚಿಕ್ಕಪ್ಪ ಹೇಳಿದ ಮೇಲಂತೂ ಅಪ್ಪ ಜಗಲಿ ಬಿಟ್ಟು ಏಳಲಿಲ್ಲ.

ಅಣ್ಣ ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡಿಗೆ ಪ್ರೋಗ್ರಾಂ ಬರೆದ. ಕಾವು ಅಳೆಯುವ ಸಣ್ಣ ಮಣಿಯನ್ನು ಸೊಪ್ಪಿನ ಮಟ್ಟಕ್ಕೆ ಇಳಿಬಿಟ್ಟು, ಹೊರಗೆ ಹಳೇ ರೇಡಿಯೊದ ಸ್ಪೀಕರ್ ಕೂರಿಸಿದ. ಗುಂಡಿ ಒತ್ತಿದರೆ ಕಾವೆಷ್ಟೆಂದು ಅದು ಹೇಳುತ್ತಿತ್ತು. ದನಿ ತಂಗಿಯಾದ ನನ್ನದು. ಅಂಕಿಗಳನ್ನೆಲ್ಲ ನನ್ನಿಂದ ಹೇಳಿಸಿ ತುಂಬಿಸಿದ್ದ. ಅಪ್ಪ ಜಗಲಿಯಿಂದ ಎದ್ದರು.

ಅವನು ಪಾಠಕ್ಕೆಂದು ಹುಣಸೂರಿಗೆ ಹಿಂತಿರುಗಿದ ದಿನ ಅಪ್ಪ ಗುಂಡಿ ಒತ್ತಿದರೆ "ಮೂವತ್ತೆಂಟು" ಎಂದಿತು. ಬ್ಯಾರನ್ನಿನವರು ಲೆಕ್ಕ ಹಿಡಿಯುವುದು ಫ್ಯಾರನ್‌ಹೀಟಿನಲ್ಲಿ. ಅಣ್ಣ ತುಂಬಿಸಿದ್ದು ಕಾಲೇಜಿನ ಸೆಲ್ಸಿಯಸ್ಸು. ಅವನ ಮೂವತ್ತೆಂಟು ಅಪ್ಪನ ನೂರು, ಆ ಹೊತ್ತಿಗೆ ಸರಿಯಾದ ಕಾವೇ. ಉರಿ ಸಾಲದೆಂದುಕೊಂಡ ಅಪ್ಪ ಸೌದೆ ತುರುಕುತ್ತಲೇ ಹೋದರು. ಇಡೀ ಬ್ಯಾರನ್ ಸೊಪ್ಪು ಹಸಿರಾಗಿಯೇ ಒಣಗಿತು.

"ನೋಡ್ದಾ ನಿನ್ ಮಗನ ಸೈನ್ಸ? ಇನ್ನಾದ್ರೂ ಬುಟ್ಬುಡಣ್ಣ" ಎಂದರು ಚಿಕ್ಕಪ್ಪ.

ಓಡಿ ಬಂದ ಅಣ್ಣ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನಿಂತ. ಬ್ಯಾರನ್ನಿನ ಗೋಡೆ ಮುಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎಂದು ಅಪ್ಪನನ್ನು ಮೆಲ್ಲಗೆ ಕೇಳಿದ.

"ಮುಟ್ದೆ ಕಣ್ಲಾ. ಕೈ ಸುಡ್ತಿತ್ತು. ಆದ್ರೂ ನೀನು ಮಾಡಿರೋದು ಸುಳ್ಳು ಹೇಳಕ್ಕಿಲ್ಲ ಅನ್ಕಂಡೆ" ಎಂದರು ಅಪ್ಪ.

ಅಣ್ಣ ರಜೆ ಹಾಕಿ, ಮುಂದಿನ ಬ್ಯಾರನ್ ಸೊಪ್ಪು ಬೇಯುವವರೆಗೂ ಅಪ್ಪನ ಪಕ್ಕದಲ್ಲೇ ಕುಳಿತ. ಯಾವಾಗ ಏನು ನೋಡುತ್ತೀ, ಎಷ್ಟಕ್ಕೆ ಏರಿಸುತ್ತೀ ಎಂದು ಕೇಳಿ ಕೇಳಿ ಪ್ರೋಗ್ರಾಮನ್ನು ಮೊದಲಿನಿಂದ ಬರೆದ. ನನ್ನಿಂದ ಫ್ಯಾರನ್‌ಹೀಟಿನ ಅಂಕಿಗಳನ್ನೂ ಹೊಸದಾಗಿ ಹೇಳಿಸಿದ. ಹೊರಡುವಾಗ ಅಪ್ಪನಿಗೆ ಹೇಳಿದ್ದು ಇಷ್ಟೇ: "ನಿನ್ ಕೈಗೂ ಇದಕ್ಕೂ ಜಗಳ ಬಂದ್ರೆ ಕೈಯನ್ನೇ ನಂಬಪ್ಪ. ಇದನ್ನ ನಾನು ಬಂದು ಸರಿ ಮಾಡ್ತೀನಿ." ಆ ಸಲದ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಆಮೇಲೆ ಆಳಿನ ಮಾತು ಯಾರೂ ಎತ್ತಲಿಲ್ಲ.

ಕೆಲವು ವರ್ಷಗಳ ನಂತರ, ಗೌರಿ ಹಬ್ಬಕ್ಕೆ ನನಗೆ ಬಾಗಿನ ಕೊಟ್ಟು ಹೋದ ಅಣ್ಣ ಎದೆನೋವಿನಿಂದ ತೀರಿಕೊಂಡ. ತಿಥಿ ಮುಗಿದಾಗ ಹೊಲದಲ್ಲಿ ಸೊಪ್ಪು ಬಲಿತು ನಿಂತಿತ್ತು. ಅಪ್ಪನೇ ನನ್ನನ್ನು ಕರೆದರು. "ಒಲೆ ಹಚ್ಚವ್ವ. ನಾನೇ ಬೇಯಿಸ್ತೀನಿ."

ಗುಂಡಿ ಒತ್ತುತ್ತ, ಗೋಡೆ ಮುಟ್ಟುತ್ತ ಕೊನೆಯವರೆಗೂ ಅವರೇ ಬೇಯಿಸಿದರು. ಕಣ್ಣು ಪೂರಾ ಹೋದ ಮೇಲೂ ಅಪ್ಪ ಮೂಲೆಯ ಮುದುಕರಾಗಲಿಲ್ಲ, ಬ್ಯಾರನ್ನಿನ ಯಜಮಾನರಾಗಿಯೇ ಹೋದರು. ಇದನ್ನು ಅಣ್ಣನಿಗೆ ಹೇಳಬೇಕು ಎಂದು ಈಗಲೂ ಅನಿಸುತ್ತದೆ.