ಅಗಲವಾಗುತ್ತ ಹೋದ ಹಲಗೆಗಳು

ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಎದುರಿನ ಕಟ್ಟಡದಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದವನು ನನ್ನ ಗೆಳೆಯ, ಕುಂಬ್ರದ ಬ್ಯಾರಿ ಮುಸ್ಲಿಂ ಮನೆಯವನು. ಇಬ್ಬರೂ ಸೇರಿ ಫೋನಿನಲ್ಲಿ ಆಡುವ ಒಂದು ಗೇಮ್ ಮಾಡಲು ಹೊರಟೆವು. ಚಿತ್ರ ನನ್ನದು, ಕೋಡಿಂಗ್ ಅವನದು. ಮಾಂಸದಂಗಡಿಯಿಂದ ತಪ್ಪಿಸಿಕೊಂಡ ಕೋಳಿಯೊಂದು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡು, ಬಸ್ಸಿನ ಟಾಪು, ಅಂಗಡಿಯ ಶೀಟು, ತೂಗುವ ಹಲಗೆಗಳ ಮೇಲೆ ಜಿಗಿಯುತ್ತ ಸಂಪಾಜೆಯಿಂದ ಪುತ್ತೂರಿಗೆ ಓಡಬೇಕು. ಬಿದ್ದರೆ ಅದು ಆಡುವವರಿಗೇ ಬೈಯುತ್ತದೆ: "ಬೀಳಿಸಿದಿಯಲ್ಲ ಮಾರಾಯ, ಇನ್ನು ನನ್ನ ಸುಕ್ಕ ಮಾಡ್ತಾರೆ!" ಆ ಸ್ವರ ಅವನದೇ. ರೆಕಾರ್ಡ್ ಮಾಡುವಾಗ ನಗು ತಡೆಯಲಾಗದೆ ಎಷ್ಟೋ ಸಲ ಕೆಟ್ಟಿತ್ತು.

ಎರಡನೇ ವರ್ಷ ಅವನು ಹಲಗೆಗಳನ್ನು ಅಗಲ ಮಾಡತೊಡಗಿದ. ನಾನು ಕಿರಿದಾಗಿ ಬರೆದು ಕೊಟ್ಟದ್ದು ಮರುವಾರ ನೋಡಿದರೆ ಎರಡು ಪಟ್ಟಾಗಿರುತ್ತಿತ್ತು. ಪರದೆಯ ಅಂಚಿನಿಂದ ನುಗ್ಗುವ ನಾಯಿಗಳನ್ನು ತೆಗೆದುಹಾಕಿದ. ನಾನು ಇಷ್ಟಪಟ್ಟು ಬಳಿದಿದ್ದ ಮಬ್ಬು ಸಂಜೆಗೆ ಕಣ್ಣು ಕುಕ್ಕುವ ಹಳದಿ ತುಂಬಿದ.

"ಎಂತ ಮಾರಾಯ, ಇದು ಹಲಗೆಯಾ, ಗದ್ದೆಯಾ?" ಎಂದೆ.

"ಆಡುವವರಿಗೆ ಸುಲಭ ಆಗ್ಲಿ."

"ಇಷ್ಟು ಸುಲಭ ಆದ್ರೆ ಯಾರು ಆಡುದು? ನಿಂಗೆ ಆಡ್ಲಿಕ್ಕೆ ಬರುದಿಲ್ಲ, ಅದಕ್ಕೆ ನನ್ನ ಚಿತ್ರ ಹಾಳು ಮಾಡುದು."

ಅಂದಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ. ಅಷ್ಟಕ್ಕೇ ಸುಮ್ಮನಾಗದೆ, ಕೋಡಿಂಗ್ ಬಲ್ಲ ಕಡಬದ ಪರಿಚಯದವರೊಬ್ಬರಿಗೆ ಮೊದಲಿನ ಹಾಗೆ ಮಾಡಿಕೊಡಿ ಎಂದು ಇಡೀ ಗೇಮನ್ನು ಕಳಿಸಿಕೊಟ್ಟೆ. ಅವನಿಗೆ ತಿಳಿಸಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನ ಮಗ್ಗುಲಿಂದಲೇ ಹಾದುಹೋದ. ತಿರುಗಿಯೂ ನೋಡಲಿಲ್ಲ. ಎಷ್ಟು ಸೊಕ್ಕು ಎಂದುಕೊಳ್ಳುವಷ್ಟರಲ್ಲಿ, ನಿಂತಿದ್ದ ರಿಕ್ಷಾವೊಂದರ ಅಂಚಿಗೆ ಭುಜ ಬಡಿದು, ಕಾಲು ತಪ್ಪಿ, ಮಣ್ಣಿಗೆ ಬಿದ್ದ. ಅಂಥ ಬಿಸಿಲಿನಲ್ಲಿ, ಅಷ್ಟು ದೊಡ್ಡ ರಿಕ್ಷಾ. ಎಬ್ಬಿಸಲು ಹೋದೆ. ಕೈ ಹಿಡಿದ ಮೇಲೂ ಯಾರೆಂದು ತಿಳಿಯಲು ಅವನು ಮುಖವನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಬೇಕಾಯಿತು.

ಹೋಟೆಲಿನಲ್ಲಿ ಕೂತಾಗ ಹೇಳಿದ. ಬದಿಗಳಿಂದ ನೋಟ ಮುಚ್ಚಿಕೊಂಡು ಬರುತ್ತಿತ್ತು. ಮಂಗಳೂರಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದಿದ್ದರು.

"ಒಂದು ವರ್ಷ ಆಯ್ತು. ಈಗ ಕೊಳವೆಯಲ್ಲಿ ನೋಡಿದ ಹಾಗೆ ಕಾಣುದು. ರಿಪೇರಿಯಲ್ಲಿ ಸ್ಕ್ರೂ ಕೈತಪ್ಪಿದ್ರೆ ಮುಗೀತು, ಮತ್ತೆ ಸಿಗುದಿಲ್ಲ."

"ನಂಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಬೇರೆ ಜನ ಹುಡುಕ್ತಿದ್ದೆ."

ಕಡಬದವರು ಕಳಿಸಿದ್ದ ಹೊಸ ಪ್ರತಿ ಆಗ ನನ್ನ ಜೇಬಿನ ಫೋನಿನಲ್ಲೇ ಇತ್ತು. ಹಲಗೆಗಳು ಮತ್ತೆ ನಾನು ಬರೆದಷ್ಟೇ ಕಿರಿದಾಗಿದ್ದವು, ಸಂಜೆ ಮತ್ತೆ ಮಬ್ಬಾಗಿತ್ತು. ನಾನು ತಲೆ ತಗ್ಗಿಸಿ ಚಾ ಕುಡಿದೆ.

ಗೇಮ್ ಆಗಿ ಹೊರಗೆ ಬಂದದ್ದು ಆ ಪ್ರತಿಯೇ. ಬೇಡ ಎನ್ನಲು ಸಮಯವಿತ್ತು; ಅನ್ನಲಿಲ್ಲ. ಎಲ್ಲೆಲ್ಲಿಯವರೋ ಆಡಿದರು, ಕೋಳಿಯ ಬೈಗುಳ ಕೇಳಿ ನಗು ಬಂತೆಂದು ಬರೆದರು. ಅದನ್ನು ಓದಿ ಹೇಳಲು ಕುಂಬ್ರಕ್ಕೆ ಹೋದೆ. ರಿಪೇರಿ ಕೆಲಸ ಬಿಟ್ಟು ಅವನು ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಿದ್ದ.

"ತಾ, ಒಂದು ಸಲ ಆಡ್ತೇನೆ" ಎಂದ.

ಫೋನನ್ನು ಮುಖದ ಹತ್ತಿರ ಹಿಡಿದು ಆಡಿದ. ಮೊದಲ ಹಲಗೆಯಿಂದಲೇ ಬಿದ್ದ. ಮತ್ತೆ ಬಿದ್ದ. ಅವನದೇ ಸ್ವರ ಮತ್ತೆ ಮತ್ತೆ ಅವನಿಗೆ ಬೈಯುತ್ತಿತ್ತು. ನಾನು ಕೈ ಚಾಚಿ ಸದ್ದು ಕಡಿಮೆ ಮಾಡಿದೆ. ಹತ್ತು ನಿಮಿಷ ಆದ ಮೇಲೆ ಅವನು ಫೋನನ್ನು ಮೇಜಿನ ಮೇಲಿಟ್ಟ.

"ಇದು ನಾನು ಮಾಡಿದ್ದಲ್ಲ" ಎಂದ. ಸಿಟ್ಟಿರಲಿಲ್ಲ. "ಯಾರು ಮಾಡಿದ್ದು?"

ಹೇಳಿದೆ. ಕಳಿಸಿದ್ದು ಯಾವಾಗ ಎಂದೂ ಕೇಳಿದ. ಅದನ್ನೂ ಹೇಳಿದೆ. ಅವನು ತಿಂಗಳು ಲೆಕ್ಕ ಹಾಕಿ, "ಬಣ್ಣ ಒಳ್ಳೆದುಂಟು" ಎಂದ.

ಹೆಂಗಸೊಬ್ಬರು ಎಂಟನೇ ನಂಬರಿನ ಚಪ್ಪಲಿ ಕೇಳುತ್ತ ಬಂದರು. ಅವನು ಎದ್ದು, ಪೆಟ್ಟಿಗೆಗಳ ಸಾಲನ್ನು ಬೆರಳಿನಿಂದ ಎಣಿಸುತ್ತ ಒಳಗೆ ಹೋದ. ನಾನು ಬಸ್ಸು ಹತ್ತಿದೆ.